ಮಟನ್ ಸ್ಟ್ರೀಟಿನ ಟರ್ನ್‌ಟೇಬಲ್ ಮತ್ತು ಅದರ ಗೊರಗುಟ್ಟುವ ಮೋಟಾರು

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕಳೆದ ಚಳಿಗಾಲ 11,000 ರೂಪಾಯಿ ಕೊಟ್ಟು ಕೊಂಡ, ರೆಕಾರ್ಡು ನುಡಿಸುವ ಒಂದು ಹಳೆಯ ಟರ್ನ್‌ಟೇಬಲ್ಲಿನ ಬಗ್ಗೆ ಈ ಬರಹ. ಅದು 1970ರ ದಶಕದಲ್ಲಿ ಯುರೋಪಿನಲ್ಲಿ ತಯಾರಾದ ಬೆಲ್ಟ್ ಡ್ರೈವ್ ಯಂತ್ರ, ಅಂದರೆ ರೆಕಾರ್ಡು ಇಡುವ ತಟ್ಟೆಯನ್ನು ಮೋಟಾರು ಬೆಲ್ಟಿನ ಮೂಲಕ ತಿರುಗಿಸುವಂಥದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಐವತ್ತು ವರ್ಷ ಯಾರ ಯಾರದೋ ಮನೆಯಲ್ಲಿ, ಕೊನೆಗೆ ಯಾವುದೋ ಗೋದಾಮಿನಲ್ಲಿ ಸರಿಯಾದ ಎಣ್ಣೆಯನ್ನೇ ಕಾಣದೆ ಬಿದ್ದಿದ್ದ ಯಂತ್ರದ ಕೊರತೆಯನ್ನು ಅದನ್ನು ಮಾಡಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇದೇ ಬಗೆಯ ರಚನೆಯುಳ್ಳ ಯಂತ್ರಗಳು ಆ ಕಾಲದಲ್ಲಿ ಅನೇಕ ಕಂಪನಿಗಳಿಂದ ಬಂದಿವೆಯಾದ್ದರಿಂದ, ಇಲ್ಲಿ ಹೇಳುವ ಬಹುಪಾಲು ಸಂಗತಿಗಳು ಅವುಗಳಿಗೂ ಹೊಂದುತ್ತವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ತಟ್ಟೆಗೆ, ಮುಳ್ಳನ್ನು ಹಿಡಿಯುವ ತೋಳಿಗೆ, ಮರದ ಪೆಟ್ಟಿಗೆಗೆ ಹತ್ತಕ್ಕೆ ಒಂಬತ್ತು ಅಂಕ, ಮೋಟಾರಿಗೆ ಕೊಂಡ ದಿನ ಎರಡು, ಈಗ ಎಂಟು. ಎರಡರಿಂದ ಎಂಟಕ್ಕೆ ಬರಲು ಎರಡು ಭಾನುವಾರಗಳು ಮತ್ತು ಒಂಬೈನೂರು ರೂಪಾಯಿಗಿಂತ ಸ್ವಲ್ಪ ಕಡಿಮೆ ಖರ್ಚಾಯಿತು.

ನನ್ನ ಹಾಗೆ ಡೊಂಬಿವಲಿಯಿಂದ ಹೋಗುವವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣವೇ ಹತ್ತಿರ. ಶುಕ್ರವಾರ ಚೋರ್ ಬಜಾರಿನ ಖಾಯಂ ಅಂಗಡಿಗಳಿಗೆ ರಜೆಯಿರುವುದನ್ನು ನೆನಪಿಟ್ಟುಕೊಳ್ಳಬೇಕು. ಅಂಗಡಿಯವನು ನಾನು ಕೇಳುವ ಮೊದಲೇ ಪ್ಲಗ್ ಸಿಕ್ಕಿಸಿ ತಟ್ಟೆ ತಿರುಗುವುದನ್ನು ತೋರಿಸಿದ. ತಟ್ಟೆ ಸೊಗಸಾಗಿಯೇ ತಿರುಗಿತು. ಆದರೆ ಕೈಗಾಡಿಗಳು, ಸ್ಕೂಟರ್ ಹಾರ್ನುಗಳು, ಪಕ್ಕದಲ್ಲೇ ತಾಮ್ರದ ಹಂಡೆ ಬಡಿಯುವವನು ಇರುವ ಆ ಬೀದಿಯಲ್ಲಿ ಮೋಟಾರಿನ ಸದ್ದನ್ನು ಪರೀಕ್ಷಿಸುವುದು ಜಾತ್ರೆಯಲ್ಲಿ ನಿಂತು ಸೊಳ್ಳೆಯ ಸ್ವರ ಹಿಡಿದಂತೆ. ಅಲ್ಲಿ ಕೊಳ್ಳುವವರು ಒಂದು ಉದ್ದನೆಯ ಸ್ಕ್ರೂಡ್ರೈವರ್ ಜೊತೆಗೆ ಒಯ್ಯುವುದು ಒಳ್ಳೆಯದು. ಅದರ ತುದಿಯನ್ನು ಮೋಟಾರಿನ ಬಳಿಯ ಲೋಹದ ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿದರೆ, ಎಂತಹ ಗದ್ದಲದಲ್ಲಿಯೂ ಒಳಗಿನ ಕರಕರ ಕೇಳಿಸುತ್ತದೆ. ನಾನು ಒಯ್ದಿರಲಿಲ್ಲ.

ಇನ್ನೊಂದು ಪರೀಕ್ಷೆಯನ್ನು ಮಾತ್ರ ಮರೆಯದೆ ಮಾಡಿದ್ದೆ. ಇಂತಹ ಯಂತ್ರಗಳಲ್ಲಿ ಇರುವುದು ಸಿಂಕ್ರೊನಸ್ ಮೋಟಾರು. ಅದರ ವೇಗವನ್ನು ನಿರ್ಧರಿಸುವುದು ವೋಲ್ಟೇಜ್ ಅಲ್ಲ, ವಿದ್ಯುತ್ತಿನ ಆವರ್ತನ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು. 16 ಧ್ರುವಗಳ ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 375 ಸುತ್ತು, ಅಮೆರಿಕದ 60 ಹರ್ಟ್ಸ್‌ನಲ್ಲಿ 450 ಸುತ್ತು ತಿರುಗುತ್ತದೆ. ಆದ್ದರಿಂದ ಆ ದೇಶಕ್ಕೆಂದು ಮಾಡಿದ ಪುಲಿ (ಮೋಟಾರಿನ ದಂಡದ ಮೇಲೆ ಬೆಲ್ಟು ಓಡುವ ಗಾಲಿ) ಇರುವ ಯಂತ್ರ ಇಲ್ಲಿ ನಿಮಿಷಕ್ಕೆ ಎಲ್‌ಪಿಗೆ ಬೇಕಾದ 33⅓ರ ಬದಲು ಸುಮಾರು 27.8 ಸುತ್ತಿನಲ್ಲಿ ತೆವಳುತ್ತದೆ, ಹಾಡುವವರೆಲ್ಲ ನಿದ್ದೆಗಣ್ಣಿನಲ್ಲಿ ಎದ್ದು ಬಂದಂತೆ ಕೇಳಿಸುತ್ತಾರೆ. ಹಡಗಿನಲ್ಲಿ ಎಲ್ಲೆಲ್ಲಿಂದಲೋ ಬಂದ ಸರಕು ಸೇರುವ ಆ ಬಜಾರಿನಲ್ಲಿ ಇದು ದೂರದ ಮಾತೇನಲ್ಲ. ನನ್ನ ಯಂತ್ರದ ಮೋಟಾರಿನ ಮೇಲೆ 50 ಹರ್ಟ್ಸ್, 375 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ತಟ್ಟೆಯನ್ನು ಬಿಚ್ಚಿ, ಹಳೆಯ ಲುಂಗಿಯಲ್ಲಿ ಸುತ್ತಿ ಬೇರೆ ಚೀಲಕ್ಕೆ ಹಾಕಿಕೊಂಡು, ಲೋಕಲ್ ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದೆ. ತಟ್ಟೆಯನ್ನು ಬಿಚ್ಚದೆ ಸಾಗಿಸಿದರೆ ಅದರ ಭಾರವೆಲ್ಲ ಕುಲುಕಾಟದಲ್ಲಿ ನಡುಗೂಟದ ಬೇರಿಂಗಿನ ಮೇಲೆ ಬಿದ್ದು, ಐವತ್ತು ವರ್ಷ ಕೆಡದಿದ್ದುದು ಒಂದೇ ಗಂಟೆಯಲ್ಲಿ ಕೆಡಬಹುದು.

ಮನೆಯ ನಿಶ್ಶಬ್ದದಲ್ಲಿ ಸತ್ಯ ಹೊರಬಿತ್ತು. ಆಂಪ್ಲಿಫೈಯರ್ ಹಾಕುವುದಕ್ಕೂ ಮೊದಲೇ, ಒಂದು ಮೀಟರ್ ದೂರಕ್ಕೆ ಕೇಳುವಂತೆ ಮೋಟಾರು ಗೊರಗುಟ್ಟುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯೊಂದನ್ನು ಇಟ್ಟೆ. ಅವರು ಬಾಯಿ ತೆರೆಯುವ ಮೊದಲು ತಂಬೂರಿ ಒಂದೇ ನುಡಿಯುವ ಆ ಕೆಲವು ಕ್ಷಣಗಳಲ್ಲಿ, ಸ್ಪೀಕರಿನೊಳಗೆ ಮತ್ತೊಬ್ಬನು ಕುಳಿತು ಬೇಸುರಾಗಿ ಗುನುಗುತ್ತಿರುವಂತೆ ಕೇಳಿಸಿತು. ಬೇಸುರು ಎಂದದ್ದು ಸುಮ್ಮನೆ ಆಡಿದ ಮಾತಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಓಡುವ ಮೋಟಾರಿನ ಅದುರುವಿಕೆ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿ ಇರುತ್ತದೆ. ಹಾರ್ಮೋನಿಯಮ್ಮಿನ ಕರಿ ಒಂದನ್ನು, ಅಂದರೆ ಮೊದಲ ಕರಿ ಮನೆಯನ್ನು, ಷಡ್ಜವಾಗಿ ಇಟ್ಟುಕೊಂಡರೆ ಖರ್ಜದ, ಅಂದರೆ ಕೆಳಗಿನ ಸಪ್ತಕದ, ಷಡ್ಜ ಸುಮಾರು 69 ಹರ್ಟ್ಸ್ ಆಗುತ್ತದೆ. ಅದರಿಂದ ಎಣಿಸಿದರೆ 100 ಹರ್ಟ್ಸ್ ಎಂಬುದು ತೀವ್ರ ಮಧ್ಯಮವನ್ನು ದಾಟಿ, ಪಂಚಮವನ್ನು ಮುಟ್ಟದೆ, ಎರಡರ ನಡುವೆ ಎಲ್ಲಿಯೂ ಅಲ್ಲದ ಜಾಗದಲ್ಲಿ ನಿಲ್ಲುತ್ತದೆ. ಸಿನಿಮಾ ಹಾಡಿನ ವಾದ್ಯಮೇಳದ ಕೆಳಗೆ ಅಡಗಿಬಿಡಬಹುದಾದ ಈ ಸದ್ದು ಖಯಾಲಿನ ಆಲಾಪದ ಕೆಳಗೆ ಅಡಗುವುದಿಲ್ಲ. ನನ್ನಲ್ಲಿರುವ ರೆಕಾರ್ಡುಗಳಲ್ಲಿ ಮುಕ್ಕಾಲು ಪಾಲು ಅಂಥವೇ.

ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವಂಥದು: ಲ್ಯಾಮಿಂಗ್ಟನ್ ರೋಡಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯ ಹೆಸರು ಬೇಡ. ಅಲ್ಲಿದ್ದವರು ಯಂತ್ರವನ್ನು ಅರ್ಧ ನಿಮಿಷ ಓಡಿಸಿ, ಬೆಲ್ಟನ್ನೂ ಬಿಚ್ಚದೆ, ‘ಮೋಟರ್ ಗಯಾ ಸಾಬ್’ ಎಂದು ತೀರ್ಪಿತ್ತರು. ಇನ್ನೊಂದು ಹಳೆಯ ಯಂತ್ರದಿಂದ ಕಿತ್ತ ಮೋಟಾರು ತರಿಸಿಕೊಡಲು 6,500 ರೂಪಾಯಿ, ಆರು ವಾರ ಎಂದರು. ಆ ಬೆಲೆ ಹೆಚ್ಚೆಂದು ನನಗೆ ಬೇಸರವಾಗಲಿಲ್ಲ. ಕಿತ್ತು ತರುವ ಆ ಮೋಟಾರಿಗೂ ಐವತ್ತು ವರ್ಷವೇ ಆಗಿರುತ್ತದೆ, ದಂಡವನ್ನು ಹಿಡಿಯುವ ಅದರ ಬುಷ್‌ಗಳೂ ಇಷ್ಟೇ ಒಣಗಿರುತ್ತವೆ ಎಂಬುದನ್ನು ಅವರು ಯೋಚಿಸಲೇ ಇಲ್ಲವಲ್ಲ ಎಂದು ಬೇಸರವಾಯಿತು. ಯಂತ್ರವನ್ನು ಮರಳಿ ತಂದೆ.

ಮೋಟಾರಿನ ಸದ್ದು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ನಾಲ್ಕೈದು ಬೇರೆ ಬೇರೆ ಸದ್ದುಗಳಿವೆ; ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಚ್ಚಬೇಕು ಎಂಬುದೆಲ್ಲ ಅವುಗಳನ್ನು ಬೇರ್ಪಡಿಸಿದ ಮೇಲಿನ ಮಾತು. ಮೊದಲ ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿದದ್ದೇ ಹೊರತು ಒಂದು ಸ್ಕ್ರೂವನ್ನೂ ತಿರುಗಿಸಲಿಲ್ಲ. ಆಂಪ್ಲಿಫೈಯರ್ ಹಾಕಿ, ಮೋಟಾರು ಓಡಿಸಿ, ಮುಳ್ಳನ್ನು ರೆಕಾರ್ಡಿನಿಂದ ಎತ್ತಿ ಹಿಡಿದಾಗ ಸ್ಪೀಕರಿನ ಗುಂಯ್‌ಗುಡುವಿಕೆ ಪೂರ್ತಿಯಾಗಿ ನಿಂತಿತು. ನಿಲ್ಲದೇ ಇದ್ದಿದ್ದರೆ ಅದು ಅರ್ಥಿಂಗ್ ತಂತಿಯ ಅಥವಾ ಕೇಬಲ್ಲಿನ ದೋಷವಾಗುತ್ತಿತ್ತು, ಮೋಟಾರಿಗೆ ಎಷ್ಟು ಎಣ್ಣೆ ಎರೆದರೂ ಪ್ರಯೋಜನವಾಗುತ್ತಿರಲಿಲ್ಲ. ನಂತರ ಬೆಲ್ಟ್ ತೆಗೆದು, ತಟ್ಟೆಯನ್ನು ನಿಲ್ಲಿಸಿ, ನಿಂತ ರೆಕಾರ್ಡಿನ ಮೇಲೆಯೇ ಮುಳ್ಳನ್ನು ಇಟ್ಟು, ಮೋಟಾರನ್ನು ಮಾತ್ರ ಓಡಿಸಿದೆ. ಸ್ಪೀಕರಿನಲ್ಲಿ ಅದೇ ಗುನುಗು ಬಂತು. ಅಂದರೆ ಸದ್ದು ಬೆಲ್ಟಿನ ಮೂಲಕವಷ್ಟೇ ಅಲ್ಲ, ಮೋಟಾರನ್ನು ಕೂರಿಸಿದ ಹಲಗೆಯ ಮೂಲಕ ತೋಳಿನವರೆಗೆ ಹರಿಯುತ್ತಿದೆ ಎಂದಾಯಿತು. ಈ ಒಂದು ಪರೀಕ್ಷೆಯಷ್ಟು ಮಾಹಿತಿ ಕೊಡುವುದು ಬೇರೊಂದಿಲ್ಲ; ಹಣವೂ ಬೇಡ, ಉಪಕರಣವೂ ಬೇಡ. ಕೊನೆಗೆ ಮೋಟಾರನ್ನು ಆರಿಸಿ, ತಟ್ಟೆಯನ್ನು ಕೈಯಿಂದ ತಿರುಗಿಸಿ ಬಿಟ್ಟು, ರೆಕಾರ್ಡಿನ ಕೊನೆಯಲ್ಲಿ ಹಾಡಿಲ್ಲದೆ ಉಳಿದ ಗೆರೆಯಲ್ಲಿ ಮುಳ್ಳನ್ನು ಇಳಿಸಿದೆ. ತಟ್ಟೆ ನಿಧಾನವಾಗುವ ಮೊದಲು ಸಿಕ್ಕ ಏಳೆಂಟು ಸೆಕೆಂಡುಗಳಲ್ಲಿ ರೆಕಾರ್ಡಿನ ಸಣ್ಣ ಚಟಪಟವನ್ನು ಬಿಟ್ಟರೆ ಏನೂ ಇರಲಿಲ್ಲ. ನಡುಗೂಟದ ಬೇರಿಂಗ್ ನಿರಪರಾಧಿ.

ಉಳಿದದ್ದು ಮೋಟಾರಿನೊಳಗಿನ ಲೆಕ್ಕ, ಅದನ್ನು ಎಣಿಸಿಯೇ ಮಾಡಬಹುದು. ನಿಮಿಷಕ್ಕೆ 375 ಸುತ್ತು ಎಂದರೆ ಸೆಕೆಂಡಿಗೆ ಆರೂಕಾಲು ಸುತ್ತು. ಟಕಟಕ ಎಂಬ ಸದ್ದು ಆ ಲಯದಲ್ಲಿ ಬರುತ್ತಿದ್ದರೆ ದಂಡ ಬಾಗಿದೆ ಅಥವಾ ಪುಲಿ ಓರೆಯಾಗಿ ಕೂತಿದೆ ಎಂದು ತಿಳಿಯಬೇಕು. ಲಯವೇ ಇಲ್ಲದ ಒರಟು ಕರಕರವಾದರೆ ಒಣಗಿದ ಬುಷ್. ಏರಿಳಿತವಿಲ್ಲದ, ಒಂದೇ ಸ್ವರದ ಗುಂಯ್ ಎಂಬುದು 100 ಹರ್ಟ್ಸ್‌ನ ವಿದ್ಯುತ್ತಿನ ಅದುರುವಿಕೆ. ಒಂದೂ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯಕ್ಕೊಮ್ಮೆ, ಸರಿಯಾಗಿ 1.8 ಸೆಕೆಂಡಿಗೊಮ್ಮೆ ಮರಳಿ ಬರುವ ಸದ್ದಾದರೆ ಅದು ತಟ್ಟೆಯ ಅಥವಾ ಡೊಂಕಾದ ರೆಕಾರ್ಡಿನ ಒಂದು ಸುತ್ತಿನದು. ಮೋಟಾರಿಗೂ ಅದಕ್ಕೂ ಸಂಬಂಧವಿಲ್ಲ. ನನ್ನದರಲ್ಲಿ ಕರಕರವೂ ಇತ್ತು, ಗುಂಯ್ ಕೂಡ ಇತ್ತು. ಪುಲಿಯ ತುದಿಯನ್ನು ಬೆರಳಿನಿಂದ ಮೆಲ್ಲನೆ ಪಕ್ಕಕ್ಕೆ ಒತ್ತಿದಾಗ ಕರಕರದ ಧ್ವನಿ ಬದಲಾಯಿತು, ಕೆಳಕ್ಕೆ ಒತ್ತಿದಾಗ ಬದಲಾಗಲಿಲ್ಲ. ಮೇಲಿನ ಬುಷ್ ಒಣಗಿದೆ, ಕೆಳಗಿನ ಆಧಾರ ಪರವಾಗಿಲ್ಲ ಎಂಬುದು ಅದರ ಅರ್ಥ.

ಬಿಚ್ಚುವ ಮೊದಲು ಒಂದು ಎಚ್ಚರಿಕೆಯ ಮಾತು. ಈ ಮೋಟಾರುಗಳು ನೇರವಾಗಿ 220 ವೋಲ್ಟಿನಲ್ಲಿ ಓಡುವಂಥವು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ ಇಟ್ಟುಕೊಂಡೇ ತಳದ ಹಲಗೆಯನ್ನು ತೆಗೆಯಬೇಕು. ಕಂಡೆನ್ಸರಿನಲ್ಲಿ ಉಳಿದ ವಿದ್ಯುತ್ತು ಇಳಿಯಲು ಸ್ವಲ್ಪ ಹೊತ್ತು ಬಿಡಬೇಕು. ಓಡುತ್ತಿರುವಾಗ ಒಳಗೆ ಅಳೆದು ನೋಡುವ ಕೆಲಸ ಅಭ್ಯಾಸವಿಲ್ಲದವರದಲ್ಲ.

ಮೋಟಾರನ್ನು ಹಿಡಿದ ಮೂರು ಸ್ಕ್ರೂ ಬಿಚ್ಚಿ ಎತ್ತಿದಾಗಲೇ ಮೊದಲ ಅಪರಾಧಿ ಸಿಕ್ಕಿಬಿದ್ದ. ಮೋಟಾರಿಗೂ ಹಲಗೆಗೂ ನಡುವೆ ಇರಬೇಕಾದ ರಬ್ಬರ್ ಬಿಲ್ಲೆಗಳು ಉಗುರಿನಿಂದ ಒತ್ತಿದರೆ ಕಲ್ಲಿನಂತಿದ್ದವು. ಅವುಗಳಲ್ಲಿ ಒಂದು ಬಿಲ್ಲೆ ಮುರಿದು ಎರಡು ತುಂಡಾಯಿತು. ಅದುರುವಿಕೆಯನ್ನು ನುಂಗಬೇಕಾದ ರಬ್ಬರು ಗಟ್ಟಿಯಾದರೆ ಅದನ್ನು ಹಲಗೆಗೆ ದಾಟಿಸುವ ಸೇತುವೆಯಾಗುತ್ತದೆ. ಲೋಹಾರ್ ಚಾಳಿನ ಒಂದು ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ತಂತಿ ತೂರಿಸುವ ಮೆತ್ತನೆಯ ರಬ್ಬರ್ ಗ್ರಾಮೆಟ್‌ಗಳು ಡಜನ್ನಿಗೆ ಅರವತ್ತು ರೂಪಾಯಿಗೆ ಸಿಕ್ಕವು. ಅಳತೆಗಾಗಿ ತುಂಡಾಗದೆ ಉಳಿದ ಹಳೆಯ ಬಿಲ್ಲೆಯನ್ನೇ ಒಯ್ದಿದ್ದೆ. ಹೊಸದನ್ನು ಹಾಕಿದ ಮೇಲೆ ಸ್ಕ್ರೂಗಳನ್ನು ಕೊನೆಯವರೆಗೆ ಬಿಗಿಯಬಾರದು; ರಬ್ಬರು ಸ್ವಲ್ಪ ಅಲುಗಾಡುವಷ್ಟು ಸಡಿಲ ಬಿಡಬೇಕು. ‘ಗಟ್ಟಿಯಾಗಿ ಬಿಗಿದರೆ ಗಟ್ಟಿಯಾಗಿ ನಿಲ್ಲುತ್ತದೆ’ ಎಂಬ ನಮ್ಮ ಕೈಯ ಅಭ್ಯಾಸವೇ ಇಲ್ಲಿ ಶತ್ರು.

ಮೋಟಾರಿನ ಒಳಗೆ ಇರುವುದು ಬಹಳ ಸರಳ ಸಂಸಾರ: ಎರಡು ತಾಮ್ರದ ಸುರುಳಿಗಳು, ನಡುವೆ ಅಯಸ್ಕಾಂತದ ಉರುಳೆ, ಆ ಉರುಳೆಯ ದಂಡವನ್ನು ಮೇಲೆ ಕೆಳಗೆ ಹಿಡಿಯುವ ಎರಡು ಕಂಚಿನ ಬುಷ್‌ಗಳು. ಬಿಚ್ಚುವ ಮೊದಲು ಎರಡು ಅರ್ಧಗಳ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದುಕೊಂಡರೆ ಮರಳಿ ಜೋಡಿಸುವಾಗ ಅದೇ ಕೋನದಲ್ಲಿ ಕೂರುತ್ತದೆ. ಒಂದು ತೆಳು ವಾಷರ್ ಕಾಣೆಯಾಯಿತೆಂದು ನಾನೂ ನನ್ನ ಹೆಂಡತಿಯೂ ಟಾರ್ಚ್ ಹಿಡಿದು ಮಂಚದ ಕೆಳಗೆಲ್ಲ ಮುಕ್ಕಾಲು ಗಂಟೆ ಹುಡುಕಿದೆವು. ಅದು ಉರುಳೆಯ ಅಯಸ್ಕಾಂತಕ್ಕೇ ಅಂಟಿ, ನಮ್ಮ ಮುಂದೆಯೇ ಕುಳಿತಿತ್ತು. ವಾಷರನ್ನು ಹಿಡಿಯುವ ಅಯಸ್ಕಾಂತ ಕಬ್ಬಿಣದ ಹುಡಿಯನ್ನೂ ಹಿಡಿಯುತ್ತದೆಯಾದ್ದರಿಂದ ಈ ಕೆಲಸವನ್ನು ಅರ, ಗರಗಸ ಇಡುವ ಮೇಜಿನ ಮೇಲೆ ಮಾಡಬಾರದು. ಒಂದು ಒಗೆದ ಬಿಳಿಯ ಬಟ್ಟೆ ಹಾಸಿಕೊಳ್ಳುವುದು ಲೇಸು.

ಕಂಚಿನ ಬುಷ್ ಎಂದದ್ದು ಎರಕದ ಕಂಚಲ್ಲ. ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕಾಯಿಸಿ ಮಾಡಿದ್ದು. ಅದರ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳು, ಗಾತ್ರದ ಸುಮಾರು ಐದನೆಯ ಒಂದು ಭಾಗ ಬರಿಯ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಎಣ್ಣೆ ಕುಳಿತಿರುತ್ತದೆ. ದಂಡ ತಿರುಗಿ ಬಿಸಿಯಾದಾಗ ಹೊರಬರುತ್ತದೆ, ತಣ್ಣಗಾದಾಗ ಒಳಗೆ ಹೋಗುತ್ತದೆ. ಇಂತಹ ಬುಷ್ ಸವೆದು ಹಾಳಾಗುವುದಕ್ಕಿಂತ ಬಾಯಾರಿ ಹಾಳಾಗುವುದೇ ಹೆಚ್ಚು, ಅದರಲ್ಲೂ ತಪ್ಪು ಎಣ್ಣೆ ಕುಡಿದು ರಂಧ್ರಗಳು ಕಟ್ಟಿಕೊಂಡಾಗ. ನನ್ನ ಮೋಟಾರಿನ ಬುಷ್‌ನ ಸುತ್ತ ಜೇನುಬಣ್ಣದ ಅಂಟು ಮೆತ್ತಿಕೊಂಡಿತ್ತು, ಮೂಗಿನ ಹತ್ತಿರ ಹಿಡಿದರೆ ಮುಗ್ಗಿದ ಕೊಬ್ಬರಿ ಎಣ್ಣೆಯ ವಾಸನೆ. ಹಿಂದಿನ ಯಾರೋ ಪುಣ್ಯಾತ್ಮರು ಕೈಗೆ ಸಿಕ್ಕ ಬಾಟಲಿಯಿಂದ ಎರಡು ಹನಿ ಬಿಟ್ಟಿದ್ದರು. ತಲೆಗೆ ಹಚ್ಚುವುದಕ್ಕೆ ಅದಕ್ಕಿಂತ ಉತ್ತಮವಾದುದು ಇಲ್ಲದಿರಬಹುದು, ಆದರೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವ, ಗಾಳಿಯೊಡನೆ ಸೇರಿ ಅಂಟಾಗುವ ಎಣ್ಣೆಗೆ ಮೋಟಾರಿನಲ್ಲಿ ಕೆಲಸವಿಲ್ಲ. ತುಕ್ಕು ಬಿಡಿಸುವ ಸ್ಪ್ರೇಗಳದೂ ಹೆಚ್ಚುಕಡಿಮೆ ಇದೇ ಕಥೆ: ಹೊಡೆದ ದಿನ ಸದ್ದು ಮಾಯವಾಗುತ್ತದೆ, ಅದರಲ್ಲಿನ ದ್ರಾವಕ ಉಳಿದಿದ್ದ ಎಣ್ಣೆಯನ್ನೂ ಕರಗಿಸಿ ಹಾರಿಹೋದ ಮೇಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಗ್ರೀಸ್ ರಂಧ್ರಗಳೊಳಗೆ ಇಳಿಯುವುದೇ ಇಲ್ಲ.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಬತ್ತಿಯಿಂದ ಬುಷ್‌ಗಳನ್ನು ಐದಾರು ಬಾರಿ ಒರೆಸಿ, ದಂಡವನ್ನೂ ಒರೆಸಿದೆ. ಮರಳು ಕಾಗದವನ್ನು ಮಾತ್ರ ಹತ್ತಿರ ತರಲಿಲ್ಲ. ಮನೆಯಲ್ಲಿದ್ದ ಹೊಲಿಗೆ ಯಂತ್ರದ ಎಣ್ಣೆ ಹಾಕಿ, ಜೋಡಿಸಿ ಓಡಿಸಿದಾಗ ಕರಕರ ಪೂರ್ತಿ ನಿಂತಿತು. ಅಂದು ಸಂಜೆ ಮನ್ಸೂರರನ್ನು ಎರಡೂ ಬದಿ ಕೇಳಿದೆವು. ಶುಕ್ರವಾರದ ಹೊತ್ತಿಗೆ ಸದ್ದು ಹಿಂತಿರುಗಿತು. ಅಷ್ಟು ಜೋರಾಗಿ ಅಲ್ಲದಿದ್ದರೂ ಅದೇ ಸದ್ದು, ಅದೇ ಜಾಗ.

ಇಲ್ಲಿ ನಮ್ಮ ಕಟ್ಟಡದ ಮೂರನೆಯ ಮಹಡಿಯ ಶೆಟ್ಟರ ಪ್ರವೇಶ. ಕುಂದಾಪುರದ ಕಡೆಯವರಾದ ಅವರು ಪರೇಲಿನ ಬಟ್ಟೆ ಗಿರಣಿಯೊಂದರಲ್ಲಿ, 1982ರ ಮುಷ್ಕರ ಬರುವ ತನಕ, ನೂಲುವ ಖಾತೆಯಲ್ಲಿ ಫಿಟ್ಟರ್ ಆಗಿದ್ದವರು. ನಾನು ಹೊಲಿಗೆ ಯಂತ್ರದ ಎಣ್ಣೆಯ ಬಾಟಲಿ ತೋರಿಸಿದಾಗ ಎರಡು ಬೆರಳ ನಡುವೆ ಒಂದು ಹನಿ ತಿಕ್ಕಿ ನೋಡಿ ನಕ್ಕರು. ‘ಇದು ನೀರಿನ ಹಾಗೆ ಉಂಟಲ್ಲ ಮಾರಾಯ್ರೆ. ನಮ್ಮ ಸ್ಪಿಂಡಲ್ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗ್ತಿತ್ತು, ಅದಕ್ಕೆ ಇಂಥ ತೆಳು ಎಣ್ಣೆ ಸರಿ. ನಿಮ್ಮದು ಗಾಣದ ಎತ್ತಿನ ಹಾಗೆ ತಿರುಗುವುದು. ಇದಕ್ಕೆ ದಪ್ಪ ಎಣ್ಣೆ ಬೇಕು’ ಎಂದರು. ನಾನು ಅದುವರೆಗೆ ಇದಕ್ಕೆ ಪೂರ್ಣ ವಿರುದ್ಧವಾಗಿ ಯೋಚಿಸಿದ್ದೆ: ಸಣ್ಣ ಮೋಟಾರು, ಆದ್ದರಿಂದ ತೆಳು ಎಣ್ಣೆ. ಶೆಟ್ಟರು ಹೇಳಿದ್ದೇ ಶಾಸ್ತ್ರಕ್ಕೆ ಸರಿಯಾದದ್ದು. ದಂಡವೂ ಬುಷ್ಷೂ ಒಂದನ್ನೊಂದು ಮುಟ್ಟದಂತೆ ನಡುವೆ ಎಣ್ಣೆಯ ಪದರ ನಿಲ್ಲಬೇಕಾದರೆ ವೇಗ ಬೇಕು ಅಥವಾ ಎಣ್ಣೆಯಲ್ಲಿ ದಪ್ಪ ಬೇಕು. ವೇಗ ಕಡಿಮೆಯಿದ್ದಲ್ಲಿ ದಪ್ಪವೇ ಆ ಕೊರತೆಯನ್ನು ತುಂಬಬೇಕು. 375 ಸುತ್ತಿನಲ್ಲಿ, ಅದೂ ಬೆಲ್ಟು ಒಂದೇ ಕಡೆಗೆ ಎಳೆಯುತ್ತಿರುವಾಗ, ತೆಳು ಎಣ್ಣೆ ಪಕ್ಕಕ್ಕೆ ಸರಿದು ಲೋಹ ಲೋಹವನ್ನು ತಿಕ್ಕುತ್ತಿತ್ತು.

ನಾಗದೇವಿ ಬೀದಿಯಲ್ಲಿ, ಬೇರಿಂಗು, ಬೆಲ್ಟು, ನಟ್ಟು ಬೋಲ್ಟುಗಳ ಅಂಗಡಿಗಳ ಸಾಲಿನಲ್ಲಿ, ಇದಕ್ಕೆ ಬೇಕಾದಷ್ಟು ದಪ್ಪವಿರುವ 68 ದರ್ಜೆಯ ಟರ್ಬೈನ್ ಎಣ್ಣೆಯನ್ನು ಅರ್ಧ ಲೀಟರಿಗಿಂತ ಕಡಿಮೆ ಕೊಡಲು ಯಾರೂ ಒಪ್ಪಲಿಲ್ಲ. ನನಗೆ ಬೇಕಾದದ್ದು ಒಂದು ಚಮಚ. ಉಳಿದದ್ದು ಇನ್ನು ಮೂರು ತಲೆಮಾರಿಗೆ ಸಾಕು. ಡೊಂಬಿವಲಿಯ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಬಾಟಲಿ ತಂದು ಒಯ್ಯಬಹುದು. ಕಾರಿನ ಎಂಜಿನ್ ಎಣ್ಣೆ ಅದೇ ದಪ್ಪದ್ದು ಸಿಗುತ್ತದಾದರೂ ಅದರಲ್ಲಿ ಕೊಳೆ ತೊಳೆಯುವ ಮದ್ದು ಬೆರೆಸಿರುತ್ತಾರೆ. ಆ ಕೊಳೆಯೆಲ್ಲ ಇಲ್ಲಿ ರಂಧ್ರಗಳಲ್ಲಿ ಹೋಗಿ ಕೂರುತ್ತದೆ. ಎರಡನೆಯ ಭಾನುವಾರ ಮತ್ತೆ ಎಲ್ಲವನ್ನೂ ಬಿಚ್ಚಿ, ಒರೆಸಿ, ಒಂದು ಸ್ಟೀಲ್ ಲೋಟದಲ್ಲಿ ಎಣ್ಣೆ ಹಾಕಿ, ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಬುಷ್ ಇರುವ ಮುಚ್ಚಳಗಳನ್ನು ಅದರಲ್ಲಿ ಮುಳುಗಿಸಿದೆ. ಸ್ವಲ್ಪ ಹೊತ್ತಿನಲ್ಲಿ ಕಂಚಿನ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳತೊಡಗಿದವು. ಗಾಳಿ ಹೊರಗೆ, ಎಣ್ಣೆ ಒಳಗೆ. ನೀರು ಆರಿದಂತೆ ಎರಡು ಬಾರಿ ಬದಲಾಯಿಸಿ, ಗುಳ್ಳೆ ನಿಲ್ಲುವವರೆಗೆ ಕಾದು, ರಾತ್ರಿಯೆಲ್ಲ ಹಾಗೆಯೇ ನೆನೆಯಲು ಬಿಟ್ಟೆ. ಬುಷ್‌ನ ಬಾಯಿಗೆ ಎರಡು ಹನಿ ಬಿಡುವುದಕ್ಕೂ ಹೀಗೆ ಕುಡಿಸುವುದಕ್ಕೂ ಇರುವ ವ್ಯತ್ಯಾಸ, ಬಾಯಿ ಮುಕ್ಕಳಿಸುವುದಕ್ಕೂ ನೀರು ಕುಡಿಯುವುದಕ್ಕೂ ಇರುವಷ್ಟು. ಸೋಮವಾರ ಸಂಜೆ ಜೋಡಿಸಿದ ಮೇಲೆ ಕರಕರ ಹೋದದ್ದು ಹೋಯಿತು. ಈಗ ಐದು ತಿಂಗಳಾದರೂ ಬಂದಿಲ್ಲ.

ಗುಂಯ್ ಎಂಬುದು ಮಾತ್ರ ಉಳಿದಿತ್ತು, ರಬ್ಬರ್ ಬಿಲ್ಲೆಗಳಿಂದ ಅರ್ಧದಷ್ಟು ಇಳಿದಿದ್ದರೂ. ಇದರ ಮೂಲ ಕಂಡೆನ್ಸರ್. ಮೋಟಾರಿನ ಎರಡು ಸುರುಳಿಗಳಲ್ಲಿ ಒಂದಕ್ಕೆ ವಿದ್ಯುತ್ತು ನೇರವಾಗಿಯೂ ಇನ್ನೊಂದಕ್ಕೆ ಕಂಡೆನ್ಸರಿನ ಮೂಲಕ ಕಾಲು ಆವರ್ತದಷ್ಟು ಮುಂದಾಗಿಯೂ ಹೋಗಬೇಕು. ಆಗ ಒಳಗಿನ ಕಾಂತಕ್ಷೇತ್ರ ದುಂಡಗೆ ಸುತ್ತುತ್ತದೆ. ಕಂಡೆನ್ಸರ್ ಹಳೆಯದಾಗಿ ಅದರ ಅಳತೆ ತಪ್ಪಿದರೆ ಆ ಸುತ್ತು ಮೊಟ್ಟೆಯಾಕಾರವಾಗಿ, ವಿದ್ಯುತ್ತಿನ ಪ್ರತಿ ಆವರ್ತದಲ್ಲೂ ಉರುಳೆಯನ್ನು ಎರಡು ಬಾರಿ ಜಗ್ಗುತ್ತದೆ. 100 ಹರ್ಟ್ಸ್ ಹುಟ್ಟುವುದು ಅಲ್ಲಿ. ನನ್ನದರ ಮೇಲೆ 0.22 ಮೈಕ್ರೊಫ್ಯಾರಡ್ ಎಂದಿತ್ತು, ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ 0.16. ಲ್ಯಾಮಿಂಗ್ಟನ್ ರೋಡಿನಲ್ಲಿ ಅದೇ ಅಳತೆಯ, 630 ವೋಲ್ಟ್ ತಾಳುವ ಫಿಲ್ಮ್ ಕಂಡೆನ್ಸರ್ ನಲವತ್ತು ರೂಪಾಯಿಗೆ ಸಿಕ್ಕಿತು. ಮನೆಯ ವಿದ್ಯುತ್ತು 230 ವೋಲ್ಟಿನದಾದ್ದರಿಂದ 250ರದು ಸಾಕೆಂದು ಕೆಲವರು ಹೇಳಬಹುದು, ಒಪ್ಪಬಾರದು. ಸುರುಳಿಯೊಂದಿಗೆ ಸೇರಿದ ಕಂಡೆನ್ಸರಿನ ಮೇಲೆ ಗೋಡೆಯ ವೋಲ್ಟೇಜಿಗಿಂತ ಹೆಚ್ಚಿನದು ಬೀಳಬಲ್ಲದು. ಬೆಸುಗೆಯ ಕೆಲಸ ಹತ್ತು ನಿಮಿಷದ್ದು. ಇಡೀ ರಿಪೇರಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಸಿಕ್ಕಿದ್ದು ಈ ನಲವತ್ತು ರೂಪಾಯಿಗೆ. ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ವೋಲ್ಟೇಜ್ 240ರ ಹತ್ತಿರ ಏರುತ್ತದೆ, 220ಕ್ಕೆಂದು ಮಾಡಿದ ಮೋಟಾರು ಆಗ ಸ್ವಲ್ಪ ಹೆಚ್ಚೇ ಅದುರುತ್ತದೆ. ಅದನ್ನು ಇಳಿಸುವ ಉಪಾಯಗಳಿವೆಯಾದರೂ ನಾನು ಅಷ್ಟು ದೂರ ಹೋಗಲಿಲ್ಲ.

ಬೆಲ್ಟಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹಳೆಯದು ಡಾಂಬರಿನಂತೆ ಕರಗತೊಡಗಿ ಪುಲಿಗೆ ಮೆತ್ತಿಕೊಂಡಿದ್ದುದರಿಂದ ಅಂದಾಜಿನ ಮೇಲೆ ಕೊಂಡ ಹೊಸ ಬೆಲ್ಟು ಬಿಗಿಯಾಗಿತ್ತು. ಬಿಗಿ ಬೆಲ್ಟು ದಂಡವನ್ನು ಪಕ್ಕಕ್ಕೆ ಎಳೆದು ಮೇಲಿನ ಬುಷ್‌ನ ಮೇಲೆ ಸದಾ ಭಾರ ಹೇರುತ್ತದೆ. ತೆಳು ಎಣ್ಣೆ ಐದೇ ದಿನಕ್ಕೆ ಸೋತದ್ದರಲ್ಲಿ ಅದರ ಪಾಲೂ ಇದ್ದಿರಬೇಕು. ಈಗ ಹಾಕಿರುವುದು ಸರಿಯಾದ ಉದ್ದದ್ದು. ಪುಲಿಯನ್ನು ಆಲ್ಕೊಹಾಲಿನಿಂದ ಒರೆಸಿದ್ದೇನೆ. ಮುಂಬಯಿಯ ಮಳೆಗಾಲದಲ್ಲಿ ಎರಡು ಮೂರು ವಾರ ಯಂತ್ರ ಓಡಿಸದೆ ಬಿಡುವುದಾದರೆ ಬೆಲ್ಟು ತೆಗೆದಿಡುವುದು ವಾಸಿ, ಒಂದೇ ಭಂಗಿಯಲ್ಲಿ ಬಿಗಿದು ನಿಂತ ರಬ್ಬರಿನಲ್ಲಿ ಪುಲಿಯ ಗುರುತು ಉಳಿಯುತ್ತದೆ.

ವೇಗ ಪರೀಕ್ಷೆಗೆ 180 ಗೆರೆಗಳಿರುವ ಕಾಗದದ ಬಿಲ್ಲೆಯೊಂದು ಸಾಕು. 50 ಹರ್ಟ್ಸ್ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುವುದರಿಂದ 33⅓ರಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ಆದರೆ ಒಳ್ಳೆಯ ಎಲ್‌ಇಡಿ ದೀಪಗಳು ಹಾಗೆ ಮಿನುಗುವುದಿಲ್ಲ, ಮನೆಯಲ್ಲಿ ಉಳಿದಿದ್ದ ಏಕೈಕ ತಂತಿದೀಪ ದೇವರ ಮನೆಯ ಜೀರೋ ಬಲ್ಬು. ಅದನ್ನು ಕಳಚಿ ತಂದು ನೋಡಿದೆ. ಗೆರೆಗಳು ಅಲುಗದೆ ನಿಂತವು. ತಮಾಷೆಯೆಂದರೆ, ಮೋಟಾರು ಗೊರಗುಟ್ಟುತ್ತಿದ್ದ ಮೊದಲ ದಿನವೂ ಅವು ಹೀಗೆಯೇ ನಿಂತಿದ್ದವು. ಸಿಂಕ್ರೊನಸ್ ಮೋಟಾರು ಎಷ್ಟೇ ನರಳುತ್ತಿದ್ದರೂ ಹೆಜ್ಜೆ ತಪ್ಪುವುದಿಲ್ಲ, ಅಂಗಡಿಯಲ್ಲಿ ವೇಗ ಸರಿಯಿದೆಯೆಂದು ತೋರಿಸಿದರೆ ಮೋಟಾರು ಸರಿಯಿದೆಯೆಂದು ನಂಬಬಾರದು.

ಇನ್ನು ಉಳಿದ ಯಂತ್ರದ ಬಗ್ಗೆ ಸಂಕ್ಷೇಪವಾಗಿ. ತಟ್ಟೆ ಭಾರವಾಗಿದೆ, ಕೈಬಿಟ್ಟರೆ ಬಹಳ ಹೊತ್ತು ತಿರುಗುತ್ತದೆ. ತೋಳಿನ ಬೇರಿಂಗುಗಳಲ್ಲಿ ಆಟವಿಲ್ಲ. ಮುಳ್ಳು ಸವೆದಿತ್ತು, ಬದಲಿಸಿದೆ. ಯಾವ ಹಳೆಯ ಯಂತ್ರ ಕೊಂಡರೂ ಈ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. 45ರ ವೇಗಕ್ಕೆ ಬದಲಿಸುವ ಗುಂಡಿ ಬಿಗಿಯಾಗಿದೆ, ನನ್ನಲ್ಲಿ 45ರ ರೆಕಾರ್ಡುಗಳು ಮೂರೇ ಇರುವುದರಿಂದ ಅದನ್ನು ಮುಟ್ಟಿಲ್ಲ. ಈಗಲೂ ರಾತ್ರಿ ಫ್ಯಾನ್ ಆರಿಸಿ ಪೆಟ್ಟಿಗೆಗೆ ಕಿವಿಯಿಟ್ಟರೆ ಮೋಟಾರಿನ ಮೆಲುದನಿ ಕೇಳುತ್ತದೆ. ಎರಡು ಅಂಕ ಕಳೆದಿರುವುದು ಅದಕ್ಕೇ. ಕುರ್ಚಿಯಲ್ಲಿ ಕುಳಿತಲ್ಲಿಗೆ, ತಂಬೂರಿ ಒಂದೇ ನುಡಿಯುವಾಗಲೂ, ಅದು ಬರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಲು ಮನಸ್ಸಿಲ್ಲದವರು, ಎರಡು ಭಾನುವಾರ ಕೊಡಲಾರದವರು ಇಂತಹ ಯಂತ್ರವನ್ನು ಕೊಳ್ಳದೆ, ಹಣ ಹೆಚ್ಚಾದರೂ ವಾರಂಟಿಯಿರುವ ಹೊಸದನ್ನು ಕೊಳ್ಳುವುದು ಒಳ್ಳೆಯದು. ಉಳಿದವರು ಧೈರ್ಯವಾಗಿ ಕೊಳ್ಳಬಹುದು.

ರಿಪೇರಿ ಅಂಗಡಿಯವರು ಮೊನ್ನೆ ಫೋನ್ ಮಾಡಿ, ಮೋಟಾರೊಂದು ಬಂದಿದೆ, ಬೇಕೇ ಎಂದು ಕೇಳಿದರು. ಯಂತ್ರದ ಮೇಲಿನ ಮುಚ್ಚಳದ ಕೀಲು ಇದೆಯೇ ಎಂದು ನಾನು ಕೇಳಿದೆ; ಎಡಗಡೆಯದು ಮುರಿದಿದೆ, ಸದ್ಯಕ್ಕೆ ಒಂದು ಮರದ ಅಡಿಪಟ್ಟಿಯನ್ನು ಆನಿಸಿ ಮುಚ್ಚಳವನ್ನು ನಿಲ್ಲಿಸುತ್ತಿದ್ದೇನೆ. ಇಲ್ಲವೆಂದರು.